ನಾಳೆಯ ಅಕ್ಕಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಇಪ್ಪತ್ತೆಂಟು ವರ್ಷಗಳಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಕೊಡುತ್ತಾ ಬಂದಿದ್ದೇನೆ. ಉತ್ತರಗಳೆಲ್ಲ ಸಾಮಾನ್ಯವಾಗಿ ಒಂದೇ ಅಚ್ಚಿನವು. ಸಾಹುಕಾರನಿಗೆ ಮೆತ್ತನೆಯ ಹಾಸಿಗೆಯ ಮೇಲೂ ನಿದ್ದೆಯಿಲ್ಲ, ಕೂಲಿಯವನು ಗೋಣಿಚೀಲದ ಮೇಲೆ ಗೊರಕೆ ಹೊಡೆಯುತ್ತಾನೆ, ಆದ್ದರಿಂದ ನಾವು ಚಿಂತೆ ಮಾಡಬಾರದು. ನಾನೂ ಅಂಕ ಹಾಕಿ ಮುಂದಿನ ಉತ್ತರಕ್ಕೆ ಹೋಗುತ್ತೇನೆ. ಒಂದು ವರ್ಷ ಮಾತ್ರ ಒಬ್ಬ ಹುಡುಗಿ, ಸಂತೆಯಲ್ಲಿ ಸೊಪ್ಪು ಮಾರುವ ತಾಯಿಯ ಮಗಳು, ಬೇರೆ ಥರ ಬರೆದಿದ್ದಳು. ಅವನು ಸಂತೆಯಲ್ಲಿ ನಿದ್ದೆ ಮಾಡಬೇಕಾದರೆ ಅವನ ಮೂಟೆ ಕಾಯುವುದಕ್ಕೆ ಪಕ್ಕದಲ್ಲಿ ಅವನ ಹೆಂಡತಿ ಎಚ್ಚರವಾಗಿ ಕೂತಿರಬೇಕು ಎಂದು. ಪೂರ್ತಿ ಅಂಕ ಕೊಟ್ಟು, ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಮೇಷ್ಟ್ರುಗಳು ನಕ್ಕರು. ನಾವು ಹೆಂಗಸರು ನಗಲಿಲ್ಲ, ಸುಮ್ಮನೆ ತಲೆಯಾಡಿಸಿದೆವು.

ಆ ಹುಡುಗಿಯ ವಾಕ್ಯ ಬಹಳ ದಿನ ನನ್ನ ಬೆನ್ನು ಬಿಡಲಿಲ್ಲ. ನಾಳೆಯ ಚಿಂತೆ ಬೇಡ ಎಂದು ಹೇಳದ ಧರ್ಮವಿಲ್ಲ. ಪುರಾಣ ಪ್ರವಚನದಲ್ಲಿ ಕೇಳುತ್ತೇವೆ, ಹರಿಕಥೆಯಲ್ಲಿ ಕೇಳುತ್ತೇವೆ, ಈಗಂತೂ ಬೆಳಗಾಗೆದ್ದರೆ ಗುಲಾಬಿ ಹೂವಿನ ಚಿತ್ರದ ಮೇಲೆ ಮೊಬೈಲಿಗೇ ಬಂದು ಕೂತಿರುತ್ತದೆ. ಕೇಳಿ ತಲೆದೂಗಿ ಮನೆಗೆ ಬಂದು ನಾವು ಮಾಡುವ ಮೊದಲ ಕೆಲಸವೇನು? ನಾಳೆಯ ದೋಸೆಗೆ ಅಕ್ಕಿ, ಉದ್ದು ನೆನೆಹಾಕುವುದು. ಹಾಲಿಗೆ ಹೆಪ್ಪು ಹಾಕುವುದು. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ಇನ್ನೆಷ್ಟು ದಿನ ಬಂದೀತೆಂದು ನೋಡುವುದು. ಏಪ್ರಿಲ್ ಬಿಸಿಲಿನಲ್ಲಿ ಹಪ್ಪಳ ಒಣಹಾಕುವವಳ ಮನಸ್ಸಿನಲ್ಲಿ ಇರುವುದು ಆಷಾಢದ ಮಳೆ. ಇದೆಲ್ಲ ಅಪನಂಬಿಕೆಯೇ? ದೇವರ ಮೇಲೆ ಭಾರ ಹಾಕಿದವಳು ಉಪ್ಪಿನಕಾಯಿ ಹಾಕಬಾರದೇ?

ಕನ್ನಡ ಪಾಠ ಮಾಡುವವಳಾದ್ದರಿಂದ ಮೊದಲು ಪದದ ಬೇರು ನೋಡುವ ಚಟ ನನಗೆ. ಚಿಂತೆ, ಚಿಂತನೆ ಎರಡೂ ಒಂದೇ ಸಂಸ್ಕೃತ ಧಾತುವಿನ ಮಕ್ಕಳು. ಒಬ್ಬಳಿಗೆ ಸಭೆಯಲ್ಲಿ ಕುರ್ಚಿ ಸಿಕ್ಕಿತು, ಇನ್ನೊಬ್ಬಳು ಅಡುಗೆಮನೆಯಲ್ಲೇ ಉಳಿದಳು. ಗಂಡಸರು ಕೂತು ಭವಿಷ್ಯದ ಬಗ್ಗೆ ಯೋಚಿಸಿದರೆ ಅದು ಚಿಂತನೆ. ನಾವು ಅದನ್ನೇ ಮಾಡಿದರೆ, "ನಿನಗೆ ಯಾವಾಗಲೂ ಒಂದಲ್ಲ ಒಂದು ಚಿಂತೆ" ಎಂಬ ಬೈಗುಳ.

ತಮಾಷೆಗೆ ಹೇಳಿದೆನಾದರೂ ಈ ಪ್ರಶ್ನೆ ನನಗೆ ತಮಾಷೆಯದಾಗಿ ಉಳಿದಿಲ್ಲ. 2021ರಲ್ಲಿ ಕೊರೊನಾದ ಎರಡನೆಯ ಅಲೆ ಬಂದಾಗ ನನ್ನ ಕಿರಿಯ ಸಹೋದ್ಯೋಗಿಯೊಬ್ಬಳು ಗಂಡನನ್ನು ಕಳೆದುಕೊಂಡಳು. ಎರಡು ಚಿಕ್ಕ ಮಕ್ಕಳು. ಆತ ಒಳ್ಳೆಯ ಮನುಷ್ಯ, ದೈವಭಕ್ತ. ವರ್ಷಕ್ಕೊಮ್ಮೆ ಪಾದಯಾತ್ರೆ ತಪ್ಪಿಸಿದವನಲ್ಲ. ವಿಮೆಯ ಕಂತು ಕಟ್ಟುವುದು ಎಂದೋ ನಿಂತಿತ್ತು. ಬ್ಯಾಂಕಿನ ಖಾತೆಗೆ ನಾಮಿನಿ ಯಾರೆಂದು ಬರೆಸಿರಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ, "ಮೇಲಿರೋನು ನೋಡ್ಕೋತಾನೆ, ನೀನ್ಯಾಕೆ ಅಪಶಕುನ ನುಡೀತೀಯ" ಎನ್ನುತ್ತಿದ್ದನಂತೆ. ಅವನು ಹೋದ ಮೇಲೆ ಅವಳು ಕೈಗೂಸಿನ ಜೊತೆ ಬ್ಯಾಂಕು, ತಾಲ್ಲೂಕು ಕಚೇರಿ, ನೋಟರಿ ಎಂದು ಅಲೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಮಾತನಾಡಿಸಲು ಬಂದವರ ಮಾತು. ಎಲ್ಲ ದೈವೇಚ್ಛೆ, ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ, ಚಿಂತೆ ಮಾಡಬೇಡಮ್ಮ ಎಂದು ಹೇಳಿ, ಕಾಫಿ ಕುಡಿದು ಎದ್ದುಹೋದರು. ಆ ಕಾಫಿಯ ಹಾಲಿನ ದುಡ್ಡು ಯಾರು ಕೊಟ್ಟರೆಂದು ಕೇಳಿದವರಿಲ್ಲ.

ಅದರ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ಊಟದ ಹೊತ್ತಿಗೆ ಈ ಮಾತು ಬಂತು. ನಮ್ಮ ಗುಂಪಿನಲ್ಲಿ ಕ್ರೈಸ್ತ ಶಿಕ್ಷಕಿಯೊಬ್ಬರು, ಉರ್ದು ಶಾಲೆಯಿಂದ ಬಂದ ಗಣಿತದ ಮೇಡಂ ಒಬ್ಬರು ಇದ್ದರು. ಏಸುಸ್ವಾಮಿ ಬೆಟ್ಟದ ಮೇಲೆ ಕೊಟ್ಟ ಉಪದೇಶ ಎಲ್ಲರಿಗೂ ಗೊತ್ತು. ಬಿತ್ತದೆ ಕೊಯ್ಯದೆ ಬದುಕುವ ಹಕ್ಕಿಗಳನ್ನೂ, ನೂಲದೆ ನೇಯದೆ ಚೆಂದವಾಗಿರುವ ಹೂಗಳನ್ನೂ ನೋಡಿ ಕಲಿಯಿರಿ ಎಂಬ ಅರ್ಥದ ಮಾತು. "ಹಾಗಾದರೆ ನಿಮ್ಮಲ್ಲಿ ಕೂಡಿಡೋದು ತಪ್ಪೇ?" ಎಂದು ಕೇಳಿದೆ. ಆಕೆ ನಕ್ಕು, ಅದೇ ಏಸು ಇನ್ನೊಂದು ಕಡೆ ಗೋಪುರ ಕಟ್ಟುವವನ ಮಾತು ಹೇಳುತ್ತಾರೆ, ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳುತ್ತಾರೆ ಎಂದರು. ಇಂಗ್ಲಿಷಿನ ಹಳೆಯ ಬೈಬಲ್ ಅನುವಾದದಲ್ಲಿ, 1611ರದ್ದು, ನಾಳೆಯ 'ಯೋಚನೆ' ಬೇಡ ಎಂಬಂಥ ಪದ ಬಿದ್ದಿದೆಯಂತೆ. ಆ ಕಾಲದ ಇಂಗ್ಲಿಷಿನಲ್ಲಿ ಆ ಪದಕ್ಕೆ ಕಳವಳ ಎಂಬ ಅರ್ಥವೂ ಇತ್ತು. ಕಾಲ ಸರಿದ ಮೇಲೆ ಓದಿದವರಿಗೆ ಯೋಚಿಸುವುದೇ ಬೇಡ ಎಂದು ಕಂಡಿತು. ನೋಡಿ, ಅಲ್ಲಿಯೂ ಚಿಂತೆ ಚಿಂತನೆಗಳ ಜಗಳವೇ!

ಗಣಿತದ ಮೇಡಂ ಒಂಟೆಯ ಕಥೆ ಹೇಳಿದರು. ಒಬ್ಬನು ಪ್ರವಾದಿಯವರನ್ನು ಕೇಳಿದನಂತೆ, ಒಂಟೆಯನ್ನು ಕಟ್ಟಿಹಾಕಿ ದೇವರನ್ನು ನಂಬಲೋ, ಬಿಟ್ಟು ನಂಬಲೋ ಎಂದು. ಮೊದಲು ಕಟ್ಟು, ಆಮೇಲೆ ನಂಬು ಎಂದರಂತೆ ಅವರು. ಆಮೇಲೆ ಇಬ್ಬರೂ ಸೇರಿ ಯೂಸುಫನ ಮಾತು ತೆಗೆದರು. ಬೈಬಲಿನಲ್ಲಿ ಅವನು ಯೋಸೇಫ, ಕುರಾನಿನಲ್ಲಿ ಯೂಸುಫ್, ಅವನ ಹೆಸರಿನದೇ ಒಂದು ಅಧ್ಯಾಯವಿದೆ. ಈಜಿಪ್ಟಿನ ರಾಜನ ಕನಸಿಗೆ ಅರ್ಥ ಹೇಳಿ, ಏಳು ವರ್ಷ ಸುಗ್ಗಿ, ಆಮೇಲೆ ಏಳು ವರ್ಷ ಬರ ಎಂದವನು. ಬೈಬಲಿನ ಲೆಕ್ಕದಲ್ಲಿ ಸುಗ್ಗಿಯ ಬೆಳೆಯಲ್ಲಿ ಐದರಲ್ಲೊಂದು ಪಾಲು ಕಣಜ ಸೇರಬೇಕು. ಕುರಾನಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ತಿನ್ನುವಷ್ಟನ್ನು ಬಿಟ್ಟು ಉಳಿದ ಕಾಳನ್ನು ತೆನೆಯಲ್ಲೇ ಇಡಿ ಎಂದು. ಇದು ಕಾಳು ಹಸನು ಮಾಡಿ ಕಣಜ ತುಂಬಿದವರಿಗೆ ಮಾತ್ರ ತೋಚುವ ಮಾತು! ದೇವರು ಕನಸಿನಲ್ಲಿ ಬಂದು ಹೇಳಿದ್ದು ಚಿಂತಿಸಬೇಡ ಎಂದಲ್ಲ, ಉಗ್ರಾಣ ಕಟ್ಟು ಎಂದು.

ಕ್ರೈಸ್ತ ಮೇಡಂ ಎದ್ದು ಕೈತೊಳೆಯುವಾಗ ಇನ್ನೊಂದು ಮಾತು ಸೇರಿಸಿದರು. ಯಾಕೋಬನ ಪತ್ರಿಕೆಯಲ್ಲಿದೆಯಂತೆ. ಬಟ್ಟೆಯಿಲ್ಲದೆ, ಅಂದಿನ ಊಟವಿಲ್ಲದೆ ನಿಂತವರಿಗೆ ಸಮಾಧಾನದಿಂದ ಹೋಗು, ಬೆಚ್ಚಗಿರು ಎಂದು ಹೇಳಿ ಏನೂ ಕೊಡದಿದ್ದರೆ ಏನು ಪ್ರಯೋಜನ ಎಂಬ ಅರ್ಥದ್ದು. ನನಗೆ ತಟ್ಟನೆ ಆ ಕಾಫಿ ಕುಡಿದು ಹೋದವರ ನೆನಪಾಯಿತು.

ನಮ್ಮ ಮನೆಗಳಲ್ಲಿ ಈ ಮಾತು ಬಂದಾಗ ಮೊದಲು ನೆನಪಾಗುವುದು ಗೀತೆ. ಒಂಬತ್ತನೆಯ ಅಧ್ಯಾಯದಲ್ಲಿ ಶ್ರೀಕೃಷ್ಣ ತನ್ನನ್ನೇ ನೆನೆಯುವವರ ಯೋಗಕ್ಷೇಮ ತನ್ನದೆಂದು ಭರವಸೆ ಕೊಡುತ್ತಾನೆ. ಆ ಶ್ಲೋಕದಲ್ಲಿಯೂ ನೆನೆಯುವುದು ಎಂಬುದಕ್ಕೆ ಇದೇ ಚಿಂತೆಯ ಧಾತುವೇ ಬಂದಿದೆ. ಯೋಗ ಎಂದರೆ ಇಲ್ಲದ್ದು ದೊರಕುವುದು, ಕ್ಷೇಮ ಎಂದರೆ ದೊರಕಿದ್ದು ಉಳಿಯುವುದು ಎಂದು ಶಂಕರಾಚಾರ್ಯರ ವಿವರಣೆ. ಇನ್ನು ನಿಮ್ಮ ಬೀರುವಿನಲ್ಲಿರುವ ಎಲ್‌ಐಸಿ ಬಾಂಡನ್ನು ಒಮ್ಮೆ ತೆಗೆದು ನೋಡಿ. ಎರಡು ಅಂಗೈಗಳ ನಡುವೆ ಉರಿಯುವ ದೀಪ, ಅದರ ಕೆಳಗೆ ಗೀತೆಯ ಆ ಶ್ಲೋಕದ ಕೊನೆಯ ತುಣುಕು. 1956ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಲಾಂಛನ ಅದು. ನೀನು ಚಿಂತೆ ಬಿಡು, ನಾನಿದ್ದೇನೆ ಎಂದು ಭಗವಂತ ಆಡಿದ ಮಾತನ್ನು, ಕಂತು ಕಟ್ಟದಿದ್ದರೆ ಲ್ಯಾಪ್ಸ್ ಆಗುವ ಕಾಗದದ ಮೇಲೆ ಅಚ್ಚುಮಾಡಿದವರನ್ನು ಕಂಡು ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ಅದು ಸರಿಯಾದ ಜಾಗದಲ್ಲೇ ಇದೆ ಎನ್ನಿಸುತ್ತದೆ. ದೀಪಕ್ಕೆ ಕೈ ಅಡ್ಡ ಹಿಡಿಯುವುದು ದೇವರಿರಬಹುದು, ಎಣ್ಣೆ ಬತ್ತಿ ಹಾಕುವುದು ಮನೆಯವರು. ಫಲದ ಮೇಲೆ ಕಣ್ಣಿಡಬೇಡ ಎಂದ ಅದೇ ಕೃಷ್ಣ ಯುದ್ಧಕ್ಕೆ ಮೊದಲು ಹಸ್ತಿನಾವತಿಗೆ ರಾಯಭಾರ ಹೋಗಿ, ಐದೂರಾದರೂ ಕೊಡಿ ಎಂದು ಕೇಳಿ ಬಂದವನು. ಮಹಾಭಾರತದಲ್ಲಿ ಅವನಿಗಿಂತ ಮುಂದಾಲೋಚನೆ ಮಾಡಿದವರು ಯಾರಿದ್ದಾರೆ?

ಆದರೆ ನನಗೆ ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಕಲಿಸಿದವಳು ಹನ್ನೆರಡನೆಯ ಶತಮಾನದ ಒಬ್ಬ ಬಡ ಹೆಂಗಸು, ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಸೀಮೆಯ ಅಮರೇಶ್ವರದಿಂದ ಗಂಡ ಮಾರಯ್ಯನೊಡನೆ ಕಲ್ಯಾಣಕ್ಕೆ ಬಂದವಳು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮರಿಗೆ ನೀಡಿ ತಾವೂ ಉಣ್ಣುವುದು ಅವರ ವ್ರತ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಪರೀಕ್ಷೆ ಮಾಡಲೆಂದು ಬೇಕೆಂದೇ ಹೆಚ್ಚಾಗಿ ಚೆಲ್ಲಿದ್ದರೆಂದು ಕಥೆ. ಲಕ್ಕಮ್ಮ ಅದನ್ನು ನೋಡಿ, ಇಷ್ಟೇಕೆ, ಇಂಥ ಆಸೆ ಅರಸರಿಗಿರಲಿ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದಳು.

ಈ ಕಥೆಯನ್ನು ಎಲ್ಲರೂ ನಾಳೆಗೆ ಕೂಡಿಡಬಾರದು ಎಂಬುದಕ್ಕೆ ಉದಾಹರಣೆ ಕೊಡುತ್ತಾರೆ. ವೇದಿಕೆಯ ಮೇಲೆ ಕೂತವರಿಗೆ ಅಷ್ಟೇ ಕಾಣುತ್ತದೆ. ಒಲೆಯ ಮುಂದೆ ಕೂತವಳಿಗೆ ಬೇರೆ ಒಂದು ಪ್ರಶ್ನೆ ಬರುತ್ತದೆ. ಆ ದಿನದ ಅಕ್ಕಿ ಹೆಚ್ಚಾಗಿದೆ ಎಂದು ಅವಳಿಗೆ ಹೇಗೆ ಗೊತ್ತಾಯಿತು? ಹೆಚ್ಚು ಎನ್ನಬೇಕಾದರೆ ಎಷ್ಟು ಸಾಕು ಎಂಬುದು ಗೊತ್ತಿರಬೇಕು. ದಿನವೂ ಅಳೆದವಳಿಗೆ ಮಾತ್ರ ಒಂದು ಹಿಡಿ ಹೆಚ್ಚಾದರೂ ಕೈಗೆ ತಿಳಿಯುತ್ತದೆ. ಎಷ್ಟು ಜನ ಬರುತ್ತಾರೆ, ಎಷ್ಟು ಪಾವು ಬೇಕು, ಗಂಜಿಗೆಷ್ಟು, ಎಲ್ಲ ಅವಳ ತಲೆಯಲ್ಲಿ ಇತ್ತು. ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕದ ಹೊತ್ತು ಮೀರುತ್ತಿದೆ ಎಂದು ಎಚ್ಚರಿಸಿದವಳೂ ಅವಳೇ. ಲಕ್ಕಮ್ಮ ಯೋಜನೆಯಿಲ್ಲದೆ ಬದುಕಿದವಳಲ್ಲ. ಆ ಮನೆಯಲ್ಲಿ ಯೋಜನೆ ಇದ್ದದ್ದೇ ಅವಳ ಕೈಯಲ್ಲಿ. ಅವಳು ಗಂಡನನ್ನು ವಾಪಸು ಕಳಿಸಿದ್ದು ಅಳತೆ ಮೀರಿದ ಅಕ್ಕಿಯ ಜೊತೆ. ಚಿಂತೆಗೆ ಇಲ್ಲದ್ದೇ ಅಳತೆ. ಒಂದು ಮೂಟೆ ಇದ್ದರೆ ಹತ್ತು ಮೂಟೆಯ ಚಿಂತೆ, ಹತ್ತಿದ್ದರೆ ಇಲಿಯ ಚಿಂತೆ.

ಇನ್ನೊಂದು ಸಂಗತಿಯೂ ಇದೆ. ಲಕ್ಕಮ್ಮ ಧೈರ್ಯವಾಗಿ ಅಕ್ಕಿ ಹಿಂದಿರುಗಿಸಿದ್ದು ನಾಳೆಯೂ ಮಹಾಮನೆಯ ಅಂಗಳ ಅಲ್ಲೇ ಇರುತ್ತದೆ ಎಂಬ ನಂಬಿಕೆಯಿಂದಲೇ ತಾನೆ? ಅಲ್ಲಿ ಅಕ್ಕಿ ಬೀಳಬೇಕಾದರೆ ಯಾರೋ ಬೆಳೆಯಬೇಕು, ಯಾರೋ ತರಬೇಕು, ಯಾರೋ ಕುಟ್ಟಬೇಕು. ಒಬ್ಬಳ ನಿಶ್ಚಿಂತೆಯ ಹಿಂದೆ ಇಡೀ ಒಂದು ಊರಿನ ದಾಸೋಹವಿತ್ತು. ಕಲ್ಯಾಣದಲ್ಲಿ ಗಲಭೆಯೆದ್ದು ಶರಣರು ದಿಕ್ಕಾಪಾಲಾದರಲ್ಲ, ಆಮೇಲಿನ ದಿನಗಳಲ್ಲಿ ಅವಳಂಥವರು ಏನು ಉಂಡರೋ. ಅಂಗಳವೇ ಇಲ್ಲದವಳಿಗೆ ನಾಳೆಗೆ ಇಡಬೇಡ ಎಂದು ಉಪದೇಶ ಮಾಡುವ ಹಕ್ಕು ಯಾರಿಗಿದೆ? ಅಂಗಳ ಕಟ್ಟಿಕೊಟ್ಟು ಆಮೇಲೆ ಹೇಳಬೇಕು. ನನ್ನ ಸಹೋದ್ಯೋಗಿಗೆ ನಮ್ಮ ತಾಲ್ಲೂಕಿನ ಶಿಕ್ಷಕರು ಕೈಲಾದಷ್ಟು ಸೇರಿಸಿ ಮಕ್ಕಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಇಟ್ಟರು. ದೊಡ್ಡ ಮೊತ್ತವೇನಲ್ಲ. ಪಾಸ್‌ಪುಸ್ತಕ ಕೈಗಿಟ್ಟವರಲ್ಲಿ ಯಾರೂ ಚಿಂತೆ ಮಾಡಬೇಡ ಎಂದು ಹೇಳಲಿಲ್ಲ. ಆ ರಾತ್ರಿ ಬಹಳ ದಿನದ ಮೇಲೆ ನಿದ್ದೆ ಬಂತು ಎಂದು ಅವಳೇ ಹೇಳಿದಳು.

ಹರಿಕಥೆಗಳಲ್ಲಿ ಪುರಂದರದಾಸರ ಒಂದು ಪ್ರಸಂಗ ಬರುತ್ತದೆ. ಸಂಪತ್ತನ್ನೆಲ್ಲ ದಾನ ಮಾಡಿ ಹೆಂಡತಿ ಮಕ್ಕಳೊಡನೆ ಹೊರಟಿದ್ದಾರೆ. ದಾರಿಯಲ್ಲಿ ಕಾಡು. ಹೆಂಡತಿಗೆ ಭಯ. ಭಯವೇಕೆ, ನಿನ್ನ ಹತ್ತಿರ ಏನೋ ಇರಬೇಕು ಎಂದು ದಾಸರು ಕೇಳಿದರೆ, ನೀರು ಕುಡಿಯಲು ಒಂದು ಚಿನ್ನದ ಬಟ್ಟಲು ತಂದಿದ್ದೇನೆ ಎನ್ನುತ್ತಾಳೆ ಆಕೆ. ದಾಸರು ಅದನ್ನು ಪೊದೆಗೆ ಎಸೆಯುತ್ತಾರೆ, ಇನ್ನು ಭಯವಿಲ್ಲ ನಡೆ ಎಂದು. ಜನ ಚಪ್ಪಾಳೆ ತಟ್ಟುತ್ತಾರೆ. ಕಳ್ಳರ ಭಯ ಬಟ್ಟಲಿನ ಜೊತೆಗೇ ಹೋಯಿತು, ಅದು ನಿಜ. ಆದರೂ ಆ ತಾಯಿಯ ಪಕ್ಷದಿಂದ ಒಂದು ಮಾತು ಹೇಳಬೇಕೆನ್ನಿಸುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಕಾಡುದಾರಿಗೆ ಹೊರಟವಳು ನೀರಿಗೆ ಬಟ್ಟಲು ತೆಗೆದುಕೊಳ್ಳುವುದು ತಪ್ಪಲ್ಲ. ತಪ್ಪಿದ್ದದ್ದು ಚಿನ್ನದಲ್ಲಿ. ಮಣ್ಣಿನ ಕುಡಿಕೆಯಾಗಿದ್ದರೆ ಭಯವೂ ಇರುತ್ತಿರಲಿಲ್ಲ, ಮಕ್ಕಳಿಗೆ ನೀರೂ ಸಿಗುತ್ತಿತ್ತು.

ಹೀಗೆ ಚಿನ್ನದ ಬಟ್ಟಲು ಹಿಡಿದುಕೊಂಡೇ ಇಡೀ ಜೀವಮಾನ ಕಳೆದವರೂ ಇದ್ದಾರೆ. ನಮ್ಮ ದೊಡ್ಡಮ್ಮ ಒಬ್ಬರು ಅಟ್ಟದ ತುಂಬ ಹೊಸ ಪಾತ್ರೆ, ಟ್ರಂಕಿನ ತುಂಬ ನುಸಿಗುಳಿಗೆಯ ವಾಸನೆಯ ಸೀರೆ ಇಟ್ಟುಕೊಂಡು, ಸೊಟ್ಟಗಾದ ತಟ್ಟೆಯಲ್ಲಿ ಉಂಡು, ತೇಪೆಯ ಸೀರೆ ಉಟ್ಟು ಹೋದರು. ಮುಂದೆ ಬೇಕಾದೀತು ಎನ್ನುತ್ತಿದ್ದರು.

ಅವರ ತಂಗಿಯೇ ನನ್ನ ಅವ್ವ. ತಿಪಟೂರಿನ ಹತ್ತಿರದ ಹಳ್ಳಿ, ಒಂದೂವರೆ ಎಕರೆ ತೆಂಗಿನ ತೋಟ, ನಾವು ಮೂವರು ಹೆಣ್ಣುಮಕ್ಕಳು. ಅವ್ವನಷ್ಟು ನಿಶ್ಚಿಂತೆಯ ಹೆಂಗಸನ್ನು ನಾನು ನೋಡಿಲ್ಲ. ಏನು ಹೇಳಿದರೂ "ಶಿವ ಇದ್ದಾನೆ ಬಿಡು" ಎನ್ನುತ್ತಿದ್ದಳು. ದಿಂಬಿಗೆ ತಲೆಯಿಟ್ಟರೆ ನಿದ್ದೆ. ಅಂಥ ಅವ್ವ ತನ್ನ ಮಣ್ಣಿಗೆ ಬೇಕಾದ ದುಡ್ಡನ್ನು ಹದಿನೈದು ವರ್ಷದಿಂದ ಕೂಡಿಡುತ್ತಿದ್ದಳು ಎಂಬುದು ನಮಗೆ ಗೊತ್ತಾದದ್ದು 2016ರ ನವೆಂಬರಿನಲ್ಲಿ. ಆ ತಿಂಗಳ ಎಂಟನೆಯ ತಾರೀಕು ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದಾಯಿತಲ್ಲ, ಆಗ ನಾಡಿನಲ್ಲಿ ಎಷ್ಟು ಸಾಸಿವೆ ಡಬ್ಬಿಗಳ ಗುಟ್ಟು ಹೊರಬಿತ್ತೋ! ಎಷ್ಟೋ ಗಂಡಂದಿರಿಗೆ ತಮ್ಮ ಮನೆಯ ಹಣಕಾಸು ಮಂತ್ರಿ ಯಾರೆಂದು ಅಂದೇ ತಿಳಿದದ್ದು. ಮೂರನೆಯ ದಿನ ಅವ್ವ ತಗಡಿನ ಪೆಟ್ಟಿಗೆಯಿಂದ ಐನೂರರ ಇಪ್ಪತ್ತಾರು ನೋಟು ತೆಗೆದು ನನ್ನ ಮುಂದಿಟ್ಟಳು. ಗರಿ ಸೀಳಿ ಪೊರಕೆ ಕಟ್ಟಿ ಮಾರಿದ ದುಡ್ಡು.

"ಏನವ್ವ ಇದು?"

"ನನ್ನ ಮಣ್ಣಿನ ದುಡ್ಡು ಕಣೆ."

ನನಗೆ ಬಾಯಿ ಕಟ್ಟಿತು. ಮೂವರು ಹೆಣ್ಣುಮಕ್ಕಳು ಸಂಬಳ ತರುತ್ತಿದ್ದೇವೆ, ನಾವು ಮಾಡುವುದಿಲ್ಲ ಎಂದುಕೊಂಡೆಯಾ ಎಂದು ಕೇಳಿದೆ. ಅವಳು ಶಾಂತವಾಗಿಯೇ ಹೇಳಿದಳು: "ಮಾಡ್ತೀರಿ. ಆದ್ರೆ ಅಳಿಯಂದಿರ ಮನೆ ಋಣದಾಗೆ ನನ್ನ ಹೆಣ ಏಳಬಾರದು. ನೀವು ಅಳೋ ಹೊತ್ತಿನಾಗೆ ದುಡ್ಡಿಗೆ ಯಾರ ಮುಖಾನೂ ನೋಡಬಾರದು." ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಆಧಾರ್ ಕಾರ್ಡು ಕೇಳಿದರು. "ನಾನು ಸಾಯೋಕೂ ಗುರುತಿನ ಚೀಟಿ ಬೇಕೇನೆ?" ಎಂದು ನಕ್ಕಳು. ಸಾಲಿನಲ್ಲಿದ್ದವರೂ ನಕ್ಕರು. ಆಮೇಲೆ ಮತ್ತೆ ಹೊಸದಾಗಿ ಕೂಡಿಡಲು ಶುರುಮಾಡಿದಳು, ನೂರರ ನೋಟು ಮಾತ್ರ. ದೊಡ್ಡ ನೋಟಿಗೆ ಆಯಸ್ಸು ಕಮ್ಮಿ ಎಂದು ಅವಳ ತೀರ್ಮಾನ. ಪೆಟ್ಟಿಗೆಯಲ್ಲಿ ದುಡ್ಡಿನ ಜೊತೆ ಒಂದು ಬಿಳಿ ಬಟ್ಟೆ, ವಿಭೂತಿ ಗಟ್ಟಿ, ಮೊಮ್ಮಗಳ ಕೈಲಿ ಬರೆಸಿದ ಒಂದು ಚೀಟಿ. ಯಾರಿಗೆ ಹೇಳಿಕಳಿಸಬೇಕು, ಶಿವಗಣಾರಾಧನೆಗೆ ಎಷ್ಟು ಎಲೆ ಹಾಕಬೇಕು ಎಂದು. ನೂರು ಎಲೆ ಎಂದಿತ್ತು. 2018ರ ಶ್ರಾವಣದಲ್ಲಿ ಹೋದಳು.

ಅವಳ ನಿಶ್ಚಿಂತೆ ಆ ಪೆಟ್ಟಿಗೆಯಿಂದ ಬಂದದ್ದೋ, ನಿಶ್ಚಿಂತೆಯಿದ್ದದ್ದರಿಂದ ಪೆಟ್ಟಿಗೆಯನ್ನು ಅಷ್ಟು ಅಚ್ಚುಕಟ್ಟಾಗಿ ಇಡಲು ಆಯಿತೋ, ನಾನು ಬಿಡಿಸಲಾರೆ. ಸಾವಿನ ಭಯವಿದ್ದವರು ಸಾವಿನ ಖರ್ಚಿನ ಲೆಕ್ಕ ಹಾಕುವುದಿಲ್ಲ, ಆ ಮಾತೇ ಎತ್ತಗೊಡುವುದಿಲ್ಲ. ನನ್ನ ಸಹೋದ್ಯೋಗಿಯ ಗಂಡ ಅಪಶಕುನ ಎಂದು ಬಾಯಿ ಮುಚ್ಚಿಸುತ್ತಿದ್ದುದು ನಂಬಿಕೆಯಿಂದಲ್ಲ, ಹೆದರಿಕೆಯಿಂದ ಎಂದೇ ನನ್ನ ಅನುಮಾನ. ದೇವರ ಹೆಸರು ಅದಕ್ಕೊಂದು ಹೊದಿಕೆ.

ಅವ್ವ ಹೋದ ಐದೇ ತಿಂಗಳಿಗೆ, 2019ರ ಜನವರಿ 21ರಂದು, ನಮ್ಮ ಜಿಲ್ಲೆಯ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ನೂರಾಹನ್ನೊಂದು ವರ್ಷ. ಹತ್ತು ಸಾವಿರದಷ್ಟು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಡುವ ಮಠ ಅದು. ಅವರ ಕೊನೆಯ ಸಂಗತಿ ನಿಮಗೂ ನೆನಪಿರಬಹುದು. ಬೆಳಿಗ್ಗೆಯೇ ಉಸಿರು ನಿಂತಿದ್ದರೂ ಸುದ್ದಿ ಹೊರಗೆ ಬಂದದ್ದು ಮಧ್ಯಾಹ್ನ, ಮಕ್ಕಳ ಊಟ ಮುಗಿದ ಮೇಲೆ. ಹಾಗೇ ಆಗಬೇಕೆಂದು ಅವರು ಮೊದಲೇ ಹೇಳಿದ್ದರೆಂದು ಪತ್ರಿಕೆಗಳು ಬರೆದವು. ಓದುತ್ತಾ ನನಗೆ ಅವ್ವನ ಚೀಟಿ ನೆನಪಾಗಿ ಕಣ್ಣು ತುಂಬಿತು. ಶಿವನ ಮೇಲೆ ಭಾರ ಹಾಕಿದವರಲ್ಲಿ ಅವರಿಗಿಂತ ದೊಡ್ಡವರನ್ನು ನಮ್ಮ ಕಾಲ ಕಂಡಿಲ್ಲ. ತಾನಿಲ್ಲದ ಮೊದಲ ಮಧ್ಯಾಹ್ನದ ಊಟಕ್ಕೂ ಅವರು ವ್ಯವಸ್ಥೆ ಮಾಡಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಯೋಜನೆಯೊಂದಿದ್ದರೆ ಸಾಕು, ಉಪದೇಶ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಯೋಜನೆ ಮುಗಿಯುವ ಜಾಗ ಒಂದಿದೆ. ಮೂರು ವರ್ಷದ ಹಿಂದೆ ನಮ್ಮವರ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಬಯಾಪ್ಸಿಗೆ ಕಳಿಸಿದರು. ವರದಿ ಬರಲು ಎಂಟು ದಿನ. ಮೊದಲ ಎರಡು ದಿನದಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿದೆ. ರಜೆ ಎಷ್ಟಿದೆ ನೋಡಿದೆ, ವಿಮೆಯ ಕಾರ್ಡು ಹುಡುಕಿದೆ, ಬೆಂಗಳೂರಿನಲ್ಲಿ ಎಲ್ಲಿ ಉಳಿಯುವುದೆಂದು ನಾದಿನಿಗೆ ಫೋನ್ ಮಾಡಿದೆ. ಮೂರನೆಯ ದಿನದಿಂದ ಮಾಡಲು ಏನೂ ಇರಲಿಲ್ಲ. ಮಧ್ಯರಾತ್ರಿ ಮೂರು ಗಂಟೆಗೆ ಎಚ್ಚರ. ಪಕ್ಕದಲ್ಲಿ ಅವರೂ ಎಚ್ಚರವಾಗಿದ್ದಾರೆಂದು ಉಸಿರಿನಿಂದಲೇ ತಿಳಿಯುತ್ತಿತ್ತು, ಇಬ್ಬರೂ ನಿದ್ದೆ ಬಂದಂತೆ ಮಲಗಿರುತ್ತಿದ್ದೆವು.

ಆ ದಿನಗಳಲ್ಲಿ ನನಗೆ ಮತ್ತೆಮತ್ತೆ ಕಣ್ಣಿಗೆ ಬರುತ್ತಿದ್ದುದು ನಮ್ಮ ಹಳ್ಳಿಮನೆಯ ಕೊಬ್ಬರಿ ಅಟ್ಟ. ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ಆಗುತ್ತದೆಂದು ಆ ಕಡೆಯವರಿಗೆ ಗೊತ್ತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತನ್ನಷ್ಟಕ್ಕೆ ಇಂಗಿ, ತಿರುಳು ಕರಟದಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಮರ ಹಾಕುವುದು, ನೀರು ಕಟ್ಟುವುದು, ಬಲಿತದ್ದು ನೋಡಿ ಕೆಡವುವುದು, ಅಟ್ಟಕ್ಕೆ ಗಾಳಿ ಆಡುವಂತೆ ಬಿದಿರು ಹಾಸುವುದು ಎಲ್ಲ ನಮ್ಮ ಕೆಲಸ. ನೀರು ಇಂಗುವುದು ನಮ್ಮ ಕೆಲಸವಲ್ಲ. ಆಯಿತೇ ಎಂದು ಒಡೆದು ನೋಡಿದರೆ ಆ ಕಾಯಿ ಚಟ್ನಿಗೆ. ಗೀತೆಯೋ, ಕನಕದಾಸರೋ, ಏಸುವೋ ಹೇಳಿದ ಸಮಾಧಾನದ ಮಾತು ನನಗೆ ದಕ್ಕಿದ್ದು ಆ ಮೂರು ಗಂಟೆಯ ಹೊತ್ತಿನಲ್ಲಿ. ಹಗಲಿನಲ್ಲಿ ಅದನ್ನು ಯಾರಾದರೂ ಹೇಳಿದ್ದರೆ ಸಿಟ್ಟು ಬರುತ್ತಿತ್ತು. ಒಂಟೆ ಕಟ್ಟಿಯಾದ ಮೇಲೆ, ಹಗ್ಗ ಎಳೆದು ನೋಡಿಯೂ ಆದ ಮೇಲೆ, ಕತ್ತಲೆಯಲ್ಲಿ ಉಳಿಯುವುದು ನಂಬಿಕೆಯೊಂದೇ. ಅದೂ ಎಲ್ಲ ರಾತ್ರಿ ಬರಲಿಲ್ಲ. ನಾಲ್ಕು ರಾತ್ರಿ ಬಂತು, ಎರಡು ರಾತ್ರಿ ಬರಲಿಲ್ಲ. ಆಮೇಲೆ ಆಪರೇಷನ್ ಆಯಿತು, ಈಗ ಚೆನ್ನಾಗಿದ್ದಾರೆ, ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ.

ನನ್ನ ನೆಮ್ಮದಿಯಲ್ಲಿ ಅರ್ಧ ಪಾಲು ಪಿಂಚಣಿಯದು, ಅದನ್ನು ಭಕ್ತಿಯ ಲೆಕ್ಕಕ್ಕೆ ಸೇರಿಸಬಾರದು. 2006ರ ಏಪ್ರಿಲ್ ಒಂದರ ನಂತರ ಸೇವೆಗೆ ಸೇರಿ ಹೊಸ ಪಿಂಚಣಿ ಯೋಜನೆಯ ಪಾಲಾದ ನನ್ನ ಕಿರಿಯರು ಅಷ್ಟು ಸುಲಭವಾಗಿ ಶಿವ ಇದ್ದಾನೆ ಬಿಡು ಎನ್ನಲಾರರು. ಇನ್ನು ನನ್ನ ಮಗಳು ಖಾಸಗಿ ಕಂಪನಿಯವಳು, ಅವಳಿಗೆ ಅದೂ ಇಲ್ಲ. ಹೋದ ಯುಗಾದಿಗೆ ಬಂದಾಗ ಮೊಬೈಲಿನಲ್ಲಿ ಒಂದು ಲೆಕ್ಕ ತೋರಿಸಿದಳು. ಈಗಿನ ವಯಸ್ಸು, ತಿಂಗಳ ಖರ್ಚು, ಬೆಲೆ ಏರಿಕೆ ಎಷ್ಟೆಂದು ಒತ್ತಿದರೆ ಅರವತ್ತಕ್ಕೆ ಎಷ್ಟು ಹಣ ಬೇಕೆಂದು ಅದು ಹೇಳುತ್ತದೆ. ಏನೇನೋ ಬದಲಾಯಿಸಿ ಒತ್ತಿದಳು, ಪ್ರತಿ ಸಲವೂ ಇನ್ನೊಂದು ಕೋಟಿ ಹೆಚ್ಚು ಬಂತು. ಅವಳ ಮುಖ ನೋಡಿ ನನಗೇ ಸಂಕಟವಾಯಿತು.

"ಅಮ್ಮಾ, ಅಜ್ಜಿ ಅಷ್ಟೇ ದುಡ್ಡು ಸಾಕು ಅಂತ ಹೇಗೆ ಲೆಕ್ಕ ಹಾಕಿದ್ರು?"

"ದುಡ್ಡಿನ ಲೆಕ್ಕ ಅಲ್ಲ ಅದು. ಎಲೆ ಲೆಕ್ಕ. ನೂರು ಎಲೆಗೆ ಎಷ್ಟಾಗುತ್ತೆ ಅಂತ ಅಡುಗೆಯವನನ್ನು ಕೇಳಿಕೊಂಡಿದ್ದಳು."

"ಆವತ್ತು ನೂರೇ ಜನ ಬಂದಿದ್ರಾ?"

"ಇಲ್ಲ. ನೂರಾನಲವತ್ತು."

"ಮತ್ತೆ ಹೇಗೆ ಸಾಕಾಯ್ತು?"

ಆ ವಾರ ಅವಳಿಗೆ ಪರೀಕ್ಷೆ ಇತ್ತು, ಅಡುಗೆ ಕಡೆ ಬಂದಿರಲಿಲ್ಲ. ನಾನು ಹೇಳಿದೆ: "ಸಾಕಾಗಲಿಲ್ಲ. ಎದುರುಮನೆಯವರು ಅವರ ಮನೆಯಲ್ಲಿ ಮಾಡಿದ್ದ ಅನ್ನದ ಪಾತ್ರೆ ಹಾಗೇ ಎತ್ತಿಕೊಂಡು ಬಂದರು. ಹಿಂದಿನ ಬೀದಿಯಿಂದ ಸಾರು ಬಂತು. ನಿನ್ನ ಚಿಕ್ಕಮ್ಮ ಎಲೆ ತರೋಕೆ ತೋಟಕ್ಕೆ ಓಡಿದಳು."